ಕಾಳು ಅಳೆಯುವವರ ಹೆಸರು

ಮಾಸೂರು, ಜೂನ್ ೧೯೪೦

ಫೌಜದಾರ ಕತ್ತಿ ಸಾಹೇಬರಿಗೆ ಹಾಲವ್ವನ ನಮಸ್ಕಾರ.

ಜರ್ಮನ್ ಅಡ್ಡಹೆಸರಿದೆ ಎಂದು ನನ್ನ ಗಂಡ ಕುಬೇರಪ್ಪನವರನ್ನು ಠಾಣೆಯಲ್ಲಿ ಕೂಡ್ರಿಸಿದ್ದೀರಿ. ಅದರ ಅರ್ಥವನ್ನೂ ಮೂಲವನ್ನೂ ಬರೆದು ಕಳಿಸಲು ಹೇಳಿದ್ದೀರಿ.

ಕೋರ್ನ್‌ಮೆಸ್ಸರ್ ಎಂದರೆ ಜರ್ಮನರ ಮಾತಿನಲ್ಲಿ ಕಾಳು ಅಳೆಯುವವ. ಅನಾಥ ಕೂಸಾಗಿದ್ದ ಇವರನ್ನು ಸಾಕಿದ ಪಾದ್ರಿಯ ಮನೆತನದ ಹೆಸರದು. ಬರದಲ್ಲಿ ಊರಿಗೆ ಜೋಳ ಅಳೆದು ಕೊಡುವಾಗ ಆ ಪಾದ್ರಿ, ನಮ್ಮವರ ಹಾಗೆಯೇ, ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಇವರೂ ಸಂತೆಯಲ್ಲಿ ಹಾಗೆಯೇ ಅಳೆಯುತ್ತಾರೆ.

ತಮ್ಮ ಅಡ್ಡಹೆಸರು ಕತ್ತಿ. ಲೈಸೆನ್ಸ್ ತೋರಿಸಿರೆಂದು ಯಾರೂ ಕೇಳಿಲ್ಲ.

‘ಆ ಹೆಸರು ಬಿಟ್ಟೇನಿ ಅಂತ ಸಹಿ ಮಾಡ್ಲಿ, ಈಗ ಬಿಡ್ತೇನಿ’ ಎಂದು ನಿನ್ನೆ ಹೇಳಿ ಕಳಿಸಿದ್ದಿರಿ. ಅವರು ಮಾಡಲಿಲ್ಲವಂತೆ. ಮಾಡಿರೆಂದು ನಾನೂ ಹೇಳಲಾರೆ.

ಬಾಣಂತಿ ಇದ್ದೇನೆ, ಬರಲಾಗದು. ಕಂಬಳಿ, ರೊಟ್ಟಿ ಕಳಿಸಿದ್ದೇನೆ, ಅವರಿಗೆ ಮುಟ್ಟಿಸಿರಿ. ಗಂಡು ಹುಟ್ಟಿದೆ ಎಂದೂ ತಿಳಿಸಿರಿ.

ಕೂಸಿನ ಹೆಸರು ಬರೆದುಕೊಳ್ಳಲು ಬಂದ ಕುಲಕರ್ಣಿಯವರು, ‘ಅಡ್ಡಹೆಸರು ಏನ್ ಹಾಕ್ಲಿ ತಂಗಿ?’ ಎಂದು ಕೈ ತಡೆದರು. ಅದನ್ನೇ ಹಾಕಿಸಿದ್ದೇನೆ. ಇವನನ್ನೂ ಒಯ್ಯುವುದಿದ್ದರೆ ಮುಂಜಾನೆ ಬರಬೇಡಿರಿ. ಆಗಷ್ಟೇ ಕಣ್ಣು ಮುಚ್ಚಿರುತ್ತಾನೆ.

ಇಂತಿ,
ಹಾಲವ್ವ ಕುಬೇರಪ್ಪ ಕೋರ್ನ್‌ಮೆಸ್ಸರ್