ಮೂರು ಜನಕ್ಕೆ ಆರಿಸಿದ ಸ್ಪ್ರಿಂಗು

ಮಂಗಳವಾರ ಮಧ್ಯಾಹ್ನ,
ಕಾರಿನ ಮುಂದಿನ ಸೀಟಿನಿಂದ

ಮುದ್ದು ಪುಟ್ಟೀ,

ನಾವೆಲ್ಲ ಕ್ಷೇಮ ಎಂದು ಬರೆದರೆ ಈ ಸಲ ನೀನು ನಂಬುವುದಿಲ್ಲ. ಆದ್ದರಿಂದ ಕಾರು ಕ್ಷೇಮ ಎಂದು ಶುರು ಮಾಡುತ್ತೇನೆ. ನೀನು ಕಳಿಸಿದ ಹೊಸ ಸ್ಪ್ರಿಂಗುಗಳನ್ನು ಶನಿವಾರ ಹಿಂದಿನ ಚಕ್ರಗಳಿಗೆ ಹಾಕಿಸಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಪ್ರಶ್ನೆ ಕೇಳುವವಳು, ಹೇಳಬೇಕಾದದ್ದು ನನ್ನ ಗಂಟಲಲ್ಲೇ ಉಳಿದುಬಿಡುತ್ತದೆ. ಈಗ ಹಲ್ಲಿನ ಡಾಕ್ಟರಮ್ಮನಿಗೆ ಡ್ರೈವಿಂಗ್ ಪಾಠ ಹೇಳಬೇಕು, ಅವರ ಕ್ಲಿನಿಕ್ಕಿನ ಮುಂದೆ ಕಾಯುತ್ತಿದ್ದೇನೆ. ಒಳಗಿರುವ ರೋಗಿ ಬಾಯಿ ಮುಚ್ಚುವವರೆಗೆ ನನಗೆ ಬಿಡುವು.

ಮೊದಲು ಹೊಗಳಿಕೆ ಮುಗಿಸುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ. ಈ ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದವಳು ನಾನು. ಪಕ್ಕದ ಸೀಟಿನಲ್ಲಿ ಕೂತು ಕೂತು, ಯಾವ ರಸ್ತೆಯ ಯಾವ ಹಳ್ಳ ನನ್ನ ಬೆನ್ನಿನ ಯಾವ ಮಣಿಗೆ ತಾಗುತ್ತದೆ ಎನ್ನುವುದು ಬಾಯಿಪಾಠವಾಗಿದೆ. ಅಂಥವಳು ಹೇಳುತ್ತಿದ್ದೇನೆ, ಕೇಳಿಸಿಕೋ: ನೀನು ಆರಿಸಿದ ಸ್ಪ್ರಿಂಗಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ.

ಹಳೆಯ ಸ್ಪ್ರಿಂಗು ಸೋತಾಗ ನಾನು ಕೇಳಿದ್ದು ಒಂದೇ, ಮೆತ್ತಗಿರುವುದನ್ನು ಕಳಿಸು ಎಂದು. ನೀನು ಸ್ಪ್ರಿಂಗಿನ ಮಾತೇ ಎತ್ತಲಿಲ್ಲ. ದಿನಾ ಯಾರು ಯಾರು ಕೂರುತ್ತೀರಿ, ಎಲ್ಲಿ ಕೂರುತ್ತೀರಿ, ಒಬ್ಬೊಬ್ಬರ ತೂಕ ಎಷ್ಟು ಎಂದು ಕೇಳಿದೆ. ದೊಡ್ಡ ಕಾರಿಗೆ ಒಬ್ಬರು ಹತ್ತಿದರೂ ಇಳಿದರೂ ಗೊತ್ತಾಗುವುದಿಲ್ಲವಂತೆ. ನಮ್ಮದು ಹಗುರ ಕಾರು, ಅದಕ್ಕೆ ಒಬ್ಬೊಬ್ಬರೂ ಲೆಕ್ಕಕ್ಕೆ ಬರುತ್ತಾರೆ ಎಂದೆ. ಮುಂದೆ ನಾನು ಮತ್ತು ಕಲಿಯುವವರು, ಹಿಂದೆ ಖಾಲಿ ಎಂದು ನಾನು ಬರೆದೆ. ನನ್ನ ತೂಕದಲ್ಲೂ ಐದು ಕೆಜಿ ನುಂಗಿಕೊಂಡೆ, ಅದು ಬೇರೆ ಮಾತು.

ನೀನು ಪಾಪ ಅಮ್ಮನ ಮಾತನ್ನು ನಂಬಿ ಲೆಕ್ಕ ಹಾಕಿದೆ. ಕಲಿಯುವವರು ಬ್ರೇಕ್ ತುಳಿದಾಗ ಕಾರಿನ ಮೂತಿ ನೆಲ ಮೂಸಬಾರದೆಂದು ಮುಂದಕ್ಕೆ ತುಸು ಬಿಗಿಯಾದದ್ದು, ಒಂದು ಸೆಂಟಿಮೀಟರ್ ಕುಗ್ಗಬೇಕಾದರೆ ಇಪ್ಪತ್ತು ಕೆಜಿ ಭಾರ ಬೇಕು. ಖಾಲಿ ಇರುವ ಹಿಂಭಾಗಕ್ಕೆ ಹದಿನಾರು ಕೆಜಿಯದ್ದು. ಮುಂದಿನ ಚಕ್ರ ಮೊದಲು ಹಳ್ಳಕ್ಕೆ ಬೀಳುತ್ತದೆ, ಹಿಂದಿನದು ಆಮೇಲೆ. ತಡವಾಗಿ ಶುರು ಮಾಡಿದ ಹಿಂಭಾಗ ಸ್ವಲ್ಪ ಚುರುಕಾಗಿ ಕುಣಿದರೆ ಎರಡೂ ಒಟ್ಟಿಗೆ ಸುಮ್ಮನಾಗುತ್ತವೆ, ಇಲ್ಲವಾದರೆ ಕಾರು ತೊಟ್ಟಿಲಾಗುತ್ತದೆ ಎಂದು ನೀನು ವಿವರಿಸಿದ್ದೆ. ಅದನ್ನು ನನ್ನ ವಿದ್ಯಾರ್ಥಿಗಳಿಗೆಲ್ಲ ನನ್ನದೇ ಜ್ಞಾನ ಎನ್ನುವ ಹಾಗೆ ಹೇಳಿಕೊಂಡು ತಿರುಗಿದ್ದೇನೆ.

ಆದರೆ ಅವನ್ನು ಹಾಕಿಸಿದ ಮೇಲೆ ರೈಲ್ವೆ ಗೇಟು ದಾಟುವಾಗ ಹಿಂದೆ ಧಡ್ ಎನ್ನುತ್ತಿತ್ತು. ನಾನು ದೂರು ಕೊಟ್ಟೆ. ನೀನು, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಲಸಕ್ಕೆ ಹೊರಟಾಗ ಹೇಗಿರುತ್ತೀರೋ ಹಾಗೇ ಎಲ್ಲರನ್ನೂ ಕೂರಿಸಿ, ಒಂದೊಂದು ಚಕ್ರದ ಮೇಲೂ ಎಷ್ಟು ಬೆರಳು ಸಂದಿ ಇದೆ ನೋಡು ಎಂದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಎಂದು ದಿನವಿಡೀ ಊರವರಿಗೆ ಬೋಧಿಸುವ ನನಗೆ ಆ ಚಾಳಿಯೇ ಮುಳುವಾಯಿತು. ಎಲ್ಲರನ್ನೂ ಕೂರಿಸಿಯೇ ಅಳೆದೆ. ಹಿಂದೆ ಬಲಗಡೆ ನಾಲ್ಕು ಬೆರಳು, ಎಡಗಡೆ ಎರಡೂವರೆ. ಅದನ್ನೇ ಬರೆದು ಕಳಿಸಿ ನಿಶ್ಚಿಂತೆಯಾಗಿ ಮಲಗಿದೆ ನೋಡು ನಾನು.

ಎರಡನೆಯ ಪಾರ್ಸೆಲ್ಲು ಬಂತು. ಜೊತೆಗೆ ನಿನ್ನ ಚೀಟಿ: 'ಇದು ಮೂರು ಜನಕ್ಕೆ. ಮೂರನೆಯವರು ಯಾರು ಅಂತ ನೀನೇ ಬರಿಯಮ್ಮ.' ಅಡುಗೆಮನೆಯಲ್ಲಿ ನಿಂತು ಅದನ್ನು ಓದಿ ಮೊದಲು ಮೈ ಬೆವರಿತು, ಆಮೇಲೆ ನಗು ಬಂತು. ಎಲ್ಲೋ ಕೂತಿರುವ ಹುಡುಗಿ, ಅಮ್ಮನ ಒಂದೂವರೆ ಬೆರಳು ಹಿಡಿದು ಅಮ್ಮನ ಸುಳ್ಳು ಹಿಡಿದಳಲ್ಲ ಎಂದು ಹೆಮ್ಮೆಯಾಯಿತು. ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ.

ಬರೆಯುತ್ತೇನೆ. ಮೂರನೆಯವರು ನಿಮ್ಮಪ್ಪ.

ಮಂಡಿ ನೋವೆಂದು ಗ್ಯಾರೇಜು ಮುಚ್ಚಿದರು ಎಂದು ನಿನಗೆ ಹೇಳಿದ್ದೆನಲ್ಲ, ಮಂಡಿಗೆ ಏನೂ ಆಗಿಲ್ಲ. ನಟ್ಟನ್ನು ನೋಡಿದ ಮಾತ್ರಕ್ಕೆ ಯಾವ ಸ್ಪ್ಯಾನರು ಎಂದು ಹೇಳುತ್ತಿದ್ದ ಮನುಷ್ಯ ಒಂದು ದಿನ ಯಾರದೋ ಎಂಜಿನ್ನು ಪೂರ್ತಿ ಬಿಚ್ಚಿ ಹರವಿಕೊಂಡು, ಅದರ ನಡುವೆ ಕೂತು, ಇದೆಲ್ಲ ಯಾವುದರದ್ದು ಎಂದು ನನ್ನನ್ನು ಕೇಳಿದರು. ಮರೆವು ಎಂದರು ಡಾಕ್ಟರು, ಇನ್ನೂ ಹೆಚ್ಚಾಗುತ್ತದೆ ಎಂದರು. ಮನೆಯಲ್ಲಿ ಒಬ್ಬರನ್ನೇ ಬಿಟ್ಟರೆ ಗ್ಯಾರೇಜು ತೆಗೆಯಬೇಕೆಂದು ಹೊರಡುತ್ತಾರೆ. ಅಲ್ಲೀಗ ಬಟ್ಟೆ ಅಂಗಡಿ. ಬೀಗದ ಕೈ ಕೊಡಿ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಕೆಲಸಕ್ಕೆ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗಲು ಶುರು ಮಾಡಿದೆ, ಎಡಗಡೆ ನನ್ನ ಸೀಟಿನ ಹಿಂದೆ ಕೂರುತ್ತಾರೆ.

ನಿನಗೆ ಗೊತ್ತಾಗದಂತೆ ಇಷ್ಟು ದಿನ ಹೇಗೆ ಮುಚ್ಚಿಟ್ಟೆ ಎನ್ನುತ್ತೀಯಾ? ಸುಲಭವಿತ್ತು ಕಣೇ. ನೀನು ಅಪ್ಪನ ಗ್ಯಾರೇಜಿನ ಕೆಲಸ ಬಿಟ್ಟು ಓದಲು ಹೋದಂದಿನಿಂದ ಅಪ್ಪ ಮಗಳು ಫೋನಿನಲ್ಲಿ ಆಡಿದ್ದು 'ಊಟ ಆಯ್ತಾ', 'ಆಯ್ತು', 'ಇಡ್ತೀನಿ' ಮಾತ್ರ. ಇಷ್ಟನ್ನು ಅವರು ಇವತ್ತೂ ತಪ್ಪದೆ ಆಡುತ್ತಾರೆ. ನಿನ್ನನ್ನು ಕಾರು ಕಂಪನಿಯ ಪರೀಕ್ಷಾ ತಂಡಕ್ಕೆ ಆರಿಸಿದ್ದೂ ಈ ಮರೆವು ಶುರುವಾದಾಗಲೇ. ಹೇಳಿದ್ದರೆ ನೀನು ಎಲ್ಲ ಬಿಟ್ಟು ಓಡಿ ಬರುತ್ತಿದ್ದೆ, ನನಗೆ ಅದು ಬೇಡವಾಗಿತ್ತು.

ಕಾರಿನಲ್ಲಿ ಅವರು ರಾಜ. ಪಕ್ಕದಲ್ಲಿ ಬಸ್ಸು ಹೋದರೆ ಬೆಲ್ಟು ಸಡಿಲವಾಗಿದೆ ಎನ್ನುತ್ತಾರೆ, ಸ್ಕೂಟರಿನ ಸದ್ದು ಕೇಳಿ ಪ್ಲಗ್ಗು ತೊಳೆಯಬೇಕು ಎನ್ನುತ್ತಾರೆ. ಹೆಂಡತಿಯ ಹೆಸರು ತಪ್ಪಿದರೂ ಇದು ತಪ್ಪುವುದಿಲ್ಲ. ಡಾಕ್ಟರಮ್ಮ ಗೇರು ಕಿರುಗುಟ್ಟಿಸಿದರೆ ಹಿಂದಿನಿಂದ 'ಅಯ್ಯೋ ಪಾಪ' ಎನ್ನುತ್ತಾರೆ, ಯಾರಿಗೆ ಹೇಳಿದ್ದು ಎಂದು ಕೇಳಿದರೆ ಗೇರಿಗೆ ಅನ್ನುತ್ತಾರೆ. ಆಕೆಗೂ ಅವರೆಂದರೆ ಇಷ್ಟ.

ತೊಂದರೆ ಇದ್ದದ್ದು ಆ ಧಡ್ ಸದ್ದಿನಲ್ಲಿ. ಅದು ಕೇಳಿದ ಕೂಡಲೇ, 'ನಿಲ್ಸೇ, ಏನೋ ಮುರೀತು' ಎಂದು ಬಾಗಿಲು ತೆಗೆದು ಇಳಿದುಬಿಡುತ್ತಿದ್ದರು. ಮುರಿದದ್ದನ್ನು ಬಗ್ಗಿ ನೋಡದೆ ಮುಂದೆ ಹೋಗುವುದು ಅವರ ಜಾಯಮಾನದಲ್ಲೇ ಇಲ್ಲವಲ್ಲ. ಹೋದ ತಿಂಗಳು ರೈಲ್ವೆ ಗೇಟಿನ ಹತ್ತಿರ ಕಾರು ಉರುಳುತ್ತಿರುವಾಗಲೇ ಇಳಿದರು. ಹಿಂದಿನ ಬೈಕಿನವನು ಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡದ್ದರಿಂದ ಉಳಿದರು. ಮರುದಿನ ಮಕ್ಕಳ ಲಾಕು ಹಾಕಿದೆ. ಬಾಗಿಲು ತೆರೆಯದೆ ಹೋದಾಗ ಗಾಜು ಗುದ್ದಿ, ನಾನೇನು ತಪ್ಪು ಮಾಡಿದೆ ಎಂದು ಅತ್ತರು ಪುಟ್ಟೀ. ಮತ್ತೆ ಆ ಲಾಕು ಮುಟ್ಟಲು ನನಗೆ ಕೈ ಬರಲಿಲ್ಲ.

ನಿನ್ನ ಚಿಕ್ಕಪ್ಪ ಒಂದು ಆರೈಕೆ ಮನೆ ನೋಡಿಕೊಂಡು ಬಂದಿದ್ದಾನೆ. ಒಳ್ಳೆಯ ಜಾಗ, ಒಂದು ಕೋಣೆ ಖಾಲಿ ಇದೆ, ಈ ವಾರ ಹೇಳಬೇಕು ಎಂದ. ಅವನದ್ದೇನೂ ತಪ್ಪಿಲ್ಲ, ಅತ್ತಿಗೆ ಸೊರಗಿದಳು ಎಂಬ ಸಂಕಟ ಅವನಿಗೆ. ಇನ್ನೊಂದು ಸಲ ರಸ್ತೆಯಲ್ಲಿ ಇಳಿದರೆ ಒಪ್ಪುತ್ತೇನೆ ಎಂದು ಅವನಿಗೆ ಮಾತು ಕೊಟ್ಟುಬಿಟ್ಟೆ. ನಿನ್ನ ಪಾರ್ಸೆಲ್ಲು ಬಂದದ್ದು ಆಮೇಲೆ.

ಬಿಚ್ಚಿ ನೋಡಿದರೆ ಸ್ಪ್ರಿಂಗು ಮೊದಲಿನದಕ್ಕಿಂತ ದಪ್ಪ! ಇಪ್ಪತ್ತೊಂದು ಕೆಜಿಯದ್ದು! ಮೆತ್ತಗಿರಲಿ ಎಂದು ಬೇಡಿಕೊಂಡರೆ ಇವಳು ಕಬ್ಬಿಣದ ಕಡಲೆ ಕಳಿಸಿದ್ದಾಳಲ್ಲ ಎಂದು ನಿನ್ನನ್ನು ಬೈದೆ. ಇದನ್ನು ಹಾಕಿದರೆ ಅವರು ಗೇಟಿನವರೆಗೂ ಕಾಯುವುದಿಲ್ಲ, ಮನೆಯ ಮುಂದೆಯೇ ಇಳಿಯುತ್ತಾರೆ ಎನ್ನಿಸಿತು. ಬೇರೆ ದಾರಿ ಇರಲಿಲ್ಲ, ಹಾಕಿಸಿದೆ.

ಭಾನುವಾರ ಬೆಳಿಗ್ಗೆ ಪಾಠವಿರಲಿಲ್ಲ. ಅವರನ್ನು ಹಿಂದೆ ಕೂರಿಸಿ ನಾನೇ ಓಡಿಸಿಕೊಂಡು ಗೇಟಿನ ಕಡೆ ಹೋದೆ. ಮುಂದಿನ ಚಕ್ರ ಹಳಿ ಹತ್ತಿತು, ಇಳಿಯಿತು. ಹಿಂದಿನದು ಹತ್ತಿತು, ಇಳಿಯಿತು. ಕಾರು ಒಮ್ಮೆ ಮೇಲೆ ಕೆಳಗೆ ಆಡಿ ಸುಮ್ಮನಾಯಿತು. ಧಡ್ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಅವರು ಕಿಟಕಿಗೆ ಮೊಣಕೈ ಊರಿ ರೈಲು ಬರುತ್ತದೇನೋ ಎಂದು ನೋಡುತ್ತಿದ್ದರು.

ಆಗ ನಿನ್ನ ಲೆಕ್ಕ ನನ್ನ ಮಂದ ತಲೆಗೆ ಹೊಳೆಯಿತು. ಮೆತ್ತನೆಯದು ಅವರ ಭಾರಕ್ಕೇ ಕುಗ್ಗಿ ಕೂತಿತ್ತು. ಹಳ್ಳ ಬಂದಾಗ ಇನ್ನು ಕುಗ್ಗಲು ಜಾಗವಿಲ್ಲದೆ ತುದಿಯ ರಬ್ಬರಿಗೆ ಹೋಗಿ ಬಡಿಯುತ್ತಿತ್ತು. ಗಟ್ಟಿಯದು ಅವರನ್ನು ಹೊತ್ತುಕೊಂಡೂ ಹಳ್ಳಕ್ಕೆಂದು ಜಾಗ ಉಳಿಸಿಕೊಂಡಿದೆ. ಮೆತ್ತಗಿದ್ದರೆ ಸುಖ ಎಂದು ನಂಬಿದ್ದ ನನಗೆ ನೀನು ಪಾಠ ಕಲಿಸಿದೆ. ಎಡಗಡೆ ಈಗ ಮೂರೂವರೆ ಬೆರಳು. ಗೇಟು ದಾಟಿ ಕಾರನ್ನು ಪಕ್ಕಕ್ಕೆ ಹಾಕಿ ಮನಸಾರೆ ಅತ್ತೆ, ಸಂತೋಷಕ್ಕೆ. ನಿನ್ನೆ ಡಾಕ್ಟರಮ್ಮ ಓಡಿಸಿದರು. ಹಲ್ಲು ಕೀಳುವಾಗ ಇಲ್ಲದ ಭಯ ಆಕೆಗೆ ಬ್ರೇಕಿನ ಮುಂದೆ, ಆದರೂ ಅಪ್ಪ ಕೂತಲ್ಲಿಂದ ಅಲುಗಲಿಲ್ಲ. ಸಂಜೆ ಚಿಕ್ಕಪ್ಪನಿಗೆ ಫೋನು ಮಾಡಿ, ಸದ್ಯಕ್ಕೆ ಕೋಣೆ ಬೇಡ ಎಂದೆ.

ಸದ್ಯಕ್ಕೆ ಎಂದೇ ಹೇಳಿದ್ದು. ಮರೆವಿಗೆ ಸ್ಪ್ರಿಂಗು ಹಾಕಲಾಗುವುದಿಲ್ಲ ಎಂದು ನನಗೆ ಗೊತ್ತು. ಒಂದು ದಿನ ಕಾರಿನ ಸದ್ದೂ ಅವರಿಗೆ ಗುರುತು ಸಿಗದೆ ಹೋಗಬಹುದು. ಆದರೆ ಆ ದಿನದವರೆಗೆ ಅವರು ನನ್ನ ಬೆನ್ನ ಹಿಂದೆ ಇರುತ್ತಾರೆ, ಅದನ್ನು ಕೊಟ್ಟವಳು ನೀನು. ಕೆಲಸ ಬಿಟ್ಟು ಬರಬೇಡ, ರಜೆ ಹಾಕಿ ಬಾ. ಬಂದರೆ ಎಡಗಡೆ ಸೀಟು ಕೇಳಬೇಡ, ಅದು ಖಾಲಿ ಇಲ್ಲ. ಬಲಗಡೆ ಕೂತರೆ ಕಾರಿನ ಓರೆಯೂ ಹೋಗುತ್ತದೆ.

ಡಾಕ್ಟರಮ್ಮ ಕೈ ಒರೆಸಿಕೊಂಡು ಬರುತ್ತಿದ್ದಾರೆ. ನಿಲ್ಲಿಸುತ್ತೇನೆ.

ಸುಳ್ಳು ಹೇಳಿ ಸಿಕ್ಕಿಬಿದ್ದ, ಐದು ಕೆಜಿ ಹೆಚ್ಚೇ ಇರುವ,
ನಿನ್ನ ಅಮ್ಮ

ಮರೆತ ಮಾತು: ಭಾನುವಾರ ನಾನು ಅತ್ತು ಮುಗಿಸಿ ಮತ್ತೆ ಕಾರು ಹೊರಡಿಸಿದಾಗ ಅಪ್ಪ ಕೈ ಚಾಚಿ ನನ್ನ ಸೀಟನ್ನು ಹಿಂದಿನಿಂದ ತಟ್ಟಿ, ಈ ಸ್ಪ್ರಿಂಗು ಆರಿಸಿದ್ದು ಯಾರು ಎಂದು ಕೇಳಿದರು. ನಿಮ್ಮ ಮಗಳು ಎಂದರೆ ಕೆಲವು ದಿನ ಅವರಿಗೆ ಗಲಿಬಿಲಿಯಾಗುತ್ತದೆ, ಸ್ಕೂಲು ಬಿಟ್ಟಿತಾ ಎಂದು ಕೇಳುತ್ತಾರೆ. ಅದಕ್ಕೇ, ಒಬ್ಬಳು ಎಂಜಿನಿಯರ್ ಹುಡುಗಿ ಎಂದಷ್ಟೇ ಹೇಳಿದೆ. ಅವರು ಕಿಟಕಿಗೆ ಕಿವಿಕೊಟ್ಟು ಹಿಂದಿನ ಚಕ್ರದ ಸದ್ದನ್ನು ಆಲಿಸಿದರು. ಆಮೇಲೆ ಅಂದರು: 'ಭಾರೀ ಕೆಲಸಗಾತಿ ಕಣೇ. ಒಂದ್ಸಲ ನಮ್ಮ ಗ್ಯಾರೇಜಿಗೆ ಬರೋಕೆ ಹೇಳು. ನಂಗೂ ಒಬ್ಳು ಮಗಳಿದಾಳೆ, ಇಂಥೋರ ಹತ್ರ ಕಲೀಬೇಕು ಅವಳು.'