ನಮ್ಮ ಮನೆಯವರ ಜಿರಳೆಗಳನ್ನು ಕೊಲ್ಲಬೇಡಿ

ಕೀಟ ಸಂಶೋಧನಾ ಸಂಸ್ಥೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಸಂಸ್ಥೆಯಲ್ಲಿ ಜಿರಳೆಗಳಿವೆ ಎಂದು ಕೊನೆಗೂ ಪತ್ತೆ ಹಚ್ಚಿದ್ದಕ್ಕೆ ಅಭಿನಂದನೆಗಳು! ಆದರೆ ಅವು ನುಸುಳಿ ಬಂದವಲ್ಲ, ಸಂಸ್ಥೆಯೇ ಸಾಕಿಕೊಂಡವು. ಸೋಮವಾರ ಔಷಧಿ ಹೊಡೆಸಿ ಅವನ್ನೆಲ್ಲ ಕೊಂದು, ಅವನ್ನು ಸಾಕಿರುವ ಕೋಣೆಯನ್ನು ಸಭಾಂಗಣ ಮಾಡಬೇಕೆಂಬ ನಿಮ್ಮ ಆದೇಶವನ್ನು ವಿರೋಧಿಸಿ ಈ ಪತ್ರ.

ನಾನು ಮನೆ, ಹೋಟೆಲುಗಳಿಗೆ ಕೀಟನಾಶಕ ಹೊಡೆಯುವ ಕಂಪನಿಯಲ್ಲಿ ಗ್ರಾಹಕರ ಫೋನ್ ಎತ್ತುವವಳು. ಆ ಜಿರಳೆಗಳಿಗೆ ಊಟ ಹಾಕುವ ಸಂಶೋಧಕರನ್ನು ಕಳೆದ ತಿಂಗಳಷ್ಟೇ ಮದುವೆಯಾದವಳು. ನೀವು ಕೇಳದಿದ್ದರೂ ಹೇಳುತ್ತೇನೆ, ತುಂಬಾ ತುಂಬಾ ಖುಷಿಯಾಗಿದ್ದೇನೆ!

ಹೋದ ವರ್ಷ ನಮಗೆ ದಿನವೂ ಬೈಗುಳ. ಅಡುಗೆಮನೆಯ ಮೂಲೆಗಳಲ್ಲಿ ನಾವು ಇಡುವ ಸಿಹಿ ವಿಷವನ್ನು ಜಿರಳೆಗಳು ಮೂಸಿಯೂ ನೋಡುತ್ತಿರಲಿಲ್ಲ. "ಏನಮ್ಮಾ, ಔಷಧಿ ಇಟ್ಟು ಹೋದ್ರಾ, ಇಲ್ಲಾ ಅವಕ್ಕೆ ಪಾರ್ಟಿ ಕೊಟ್ಟು ಹೋದ್ರಾ?" ಎಂದು ಬೇಕರಿಯವರು ಕೂಗಾಡಿದರು. ನಾವು ವಿಷ ಹೆಚ್ಚಿಸಿದೆವು, ಜಿರಳೆಗಳೂ ಹೆಚ್ಚಿದವು. ಕೊನೆಗೆ ನಿಮ್ಮ ಸಂಸ್ಥೆಗೆ ಫೋನ್ ಮಾಡಿದೆ. "ಒಂದಷ್ಟು ಜೀವಂತ ಹಿಡ್ಕೊಂಡು ಬನ್ನಿ ಮೇಡಂ" ಎಂದಿತು ಒಂದು ದನಿ. ಡಬ್ಬಿ ಹಿಡಿದು ಹೋದೆ. ದನಿಯ ಒಡೆಯರು ಬೇಕರಿ ಜಿರಳೆಗಳ ಮುಂದೆ, ನಮ್ಮ ವಿಷಕ್ಕೆ ಬೆರೆಸುವ ಸಿಹಿಯಾದ ಗ್ಲೂಕೋಸ್ ಒಂದು ಹನಿ ಇಟ್ಟರು. ಅವು ಹಿಂದೆ ಸರಿದವು. ತಲೆಮಾರುಗಳಿಂದ ವಿಷವನ್ನೇ ಕಾಣದೆ ಗಾಜಿನ ಪೆಟ್ಟಿಗೆಗಳಲ್ಲಿ ಬೆಳೆದ ತಮ್ಮ ಜಿರಳೆಗಳಿಗೆ ಇಟ್ಟರು. ಅವು ಮುಗಿಬಿದ್ದವು!

"ವಿಷ ಚೆನ್ನಾಗೇ ಇದೆ. ನಿಮ್ಮವಕ್ಕೆ ಈ ಸಿಹಿ ಈಗ ಕಹಿ. ತಿಂದವು ಸತ್ವು, ಬೇಡ ಅಂದವು ಮಕ್ಳು ಮರಿ ಮಾಡ್ಕೊಂಡ್ವು. ಸಿಹಿ ಬದಲಾಯಿಸಿ, ಸಾಕು" ಎಂದರು. ಬದಲಾಯಿಸಿದೆವು. ಬೇಕರಿಯ ಕಾಟ ತಪ್ಪಿತು, ನನಗೆ ಗಂಡ ಸಿಕ್ಕಿದರು.

ಈಗ ಹೇಳಿ, ಆ ಪೆಟ್ಟಿಗೆಗಳಿಲ್ಲದಿದ್ದರೆ ನಾವು ಹೋಲಿಸುವುದು ಯಾವುದರೊಂದಿಗೆ? ಸಭಾಂಗಣದ ಕುರ್ಚಿಗಳೊಂದಿಗೆಯೇ? ವಿಷ ಕೆಟ್ಟಿದೆಯೋ, ಜಿರಳೆ ಬದಲಾಗಿದೆಯೋ ತಿಳಿಯದೆ, ಮಕ್ಕಳು ಅಂಬೆಗಾಲಿಡುವ ಮನೆಗಳಲ್ಲಿ ಇನ್ನಷ್ಟು ಮತ್ತಷ್ಟು ಸುರಿಯಬೇಕೇ? ಒಮ್ಮೆ ಅಳಿದ ವಂಶವನ್ನು ಯಾವ ಟೆಂಡರ್ ಕರೆದು ತರಿಸುತ್ತೀರಿ?

ತಮಾಷೆಯೆಂದರೆ, ಕೊಲ್ಲುವ ಗುತ್ತಿಗೆ ನೀವು ಕೊಟ್ಟದ್ದು ನಮ್ಮ ಕಂಪನಿಗೇ. ಫೋನ್ ಎತ್ತಿದವಳೂ ನಾನೇ. ನಮ್ಮ ಮಾಲೀಕರು ತಲೆ ಮೇಲೆ ಕೈ ಹೊತ್ತರು. "ಜಿರಳೆ ಕೊಂದೇ ಹೊಟ್ಟೆ ಹೊರೆಯೋನಮ್ಮಾ ನಾನು. ಆದ್ರೆ ಆ ಜಿರಳೆ ಕೊಂದ್ರೆ ನಾಳೆ ಕತ್ತಲಲ್ಲಿ ಕೋಲು ಬೀಸಿದ ಹಾಗೆ. ಆಗಲ್ಲ ಅಂದ್ಬಿಡು." ನಿಮಗೆ ಹಾಗೆಯೇ ಅಂದೆ. ನೀವು ಬೇರೆಯವರನ್ನು ಹುಡುಕುತ್ತಿದ್ದೀರಂತೆ.

ನಮ್ಮ ಮನೆಯವರು ಸರಿಯಾಗಿ ಊಟ ಮಾಡುತ್ತಿಲ್ಲ. "ಪೆಟ್ಟಿಗೆಗಳನ್ನ ಮನೆಗೇ ತರ್ಲಾ?" ಎಂದು ನಿನ್ನೆ ಮೆಲ್ಲಗೆ ಕೇಳಿದರು. ಅತ್ತೆ ಅಡುಗೆಮನೆಯಿಂದಲೇ, "ಸೊಸೆ ಬಂದಾಯ್ತು, ಇನ್ನು ಅವಳ ಸವತೀರೂ ಬರ್ಲಿ ಬಿಡು" ಎಂದರು.

ಆದ್ದರಿಂದ ಸೋಮವಾರದೊಳಗೆ ಆದೇಶ ಹಿಂಪಡೆಯಿರಿ. ಸಭೆಗೆ ಜಾಗ ಬೇಕಿದ್ದರೆ ನಮ್ಮ ಕಂಪನಿಯ ಮಹಡಿ ಖಾಲಿಯಿದೆ, ಕೊಡುತ್ತಾರೆ. ಇಲ್ಲವಾದರೆ ಆ ಪೆಟ್ಟಿಗೆಗಳು ನಮ್ಮ ಮಲಗುವ ಕೋಣೆಗೇ ಬರುತ್ತವೆ. ಪ್ರೀತಿಯ ಭರದಲ್ಲಿ ನಾನು ಹೂಂ ಎಂದುಬಿಟ್ಟಿದ್ದೇನೆ, ಮಾನ್ಯರೇ. ದಯವಿಟ್ಟು ನನ್ನನ್ನು ಕಾಪಾಡಿ.

ಇಂತಿ,
ಕೊಲ್ಲುವವರಲ್ಲಿ ಸಂಬಳ ಪಡೆದು ಸಾಕುವವರ ಮನೆ ಸೇರಿದವಳು