ಹಿಂದಿನ ಸೀಟಿನ ಮಾತು

ನ್ಯಾಮತಿ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ನಿಂಗರಾಜ,

ಹೆಂಗಿದೀಯಪ್ಪಾ? ಸೊಂಟದ ನೋವು ಕಡಿಮೆ ಆತಾ? ದಿನವೆಲ್ಲಾ ಅಷ್ಟೆತ್ತರದ ಕ್ರೇನಿನಲ್ಲಿ ಮುದುಡಿಕೊಂಡು ಕೂತು ಬಂದ ನೋವು ಅದು, ಬರೀ ಮುಲಾಮಿಗೆ ಹೋಗಲ್ಲ. ಬಿಸಿನೀರಿನ ಶಾಖ ಕೊಟ್ಕೋ. ಗುಜರಾತಿನ ಆ ಬಂದರಿನ ಮೆಸ್ಸಿನಲ್ಲಿ ಸಾರಿಗೂ ಬೆಲ್ಲ ಹಾಕ್ತಾರೆ ಅಂತ ಬೈಕೊಳ್ತಿದ್ದೆಯಲ್ಲ, ಅದಕ್ಕೆ ಶೇಂಗಾ ಚಟ್ನಿಪುಡಿ ಕುಟ್ಟಿ ಈ ಕಾಗದದ ಜೊತೆಗೇ ಪಾರ್ಸಲ್ ಕಟ್ಟೀನಿ. ಖಾರ ಮುಂದಾಗಿದೆ, ನನ್ನ ಸಿಟ್ಟಿನಲ್ಲಿ ಕುಟ್ಟಿದ್ದು. ಇಲ್ಲಿ ಯಾರಿಗೂ ಮೈಯಲ್ಲಿ ಏನೂ ಇಲ್ಲ, ಎಲ್ಲರೂ ಉಂಡು ತಿರುಗಾಡಿಕೊಂಡು ಇದೀವಿ. ಮನಸ್ಸಿನ ವಿಷಯ ಮುಂದೆ ಬರೀತೀನಿ. ಫೋನ್ ಇಟ್ಕೊಂಡು ಕಾಗದ ಯಾಕಕ್ಕಾ ಅಂತ ನಗಬೇಡ. ಮೊನ್ನೆ ನಿನಗೆ ಅಂತ ಫೋನು ಹಚ್ಚಿದ್ರೆ, ನಾನು ಅಡಿಗೆಮನೇಲಿ ಕಿವಿಗೆ ಹಿಡ್ಕೊಂಡು ನಿಂತೀನಿ, ರಿಂಗು ಅಂಗಳದಲ್ಲಿ ನಿಂತ ಕಾರಿನೊಳಗಿಂದ ಬರ್ತಾ ಐತೆ! ನಿಮ್ಮ ಭಾವ ಕಾರು ಒರೆಸ್ತಾ ಅಲ್ಲೇ ಇದ್ರು. ಇಟ್ಟುಬಿಟ್ಟೆ. ನನ್ನ ಫೋನನ್ನೂ ಕಾರಿಗೇ ಜೋಡಿಸಿಟ್ಟಾರೆ, ಎಲ್ಲಾ ನೀನು ಕಳಿಸಿದ ಆ ಯಂತ್ರದ ಪುಣ್ಯ.

ದಸರಾಕ್ಕೆ ಭಾವನ ಕಾರಿಗೆ ಅಂತ ಟಚ್ ಸ್ಕ್ರೀನ್ ಕಳಿಸಿ, "ಬಳಸಿ ನೋಡಿ ಹೆಂಗೈತೆ ಅಂತ ನೀನೇ ನಿಜ ಹೇಳಕ್ಕಾ, ಭಾವ ಏನಿದ್ರೂ ಹೊಗಳೋರೇ, ಚೆನ್ನಾಗಿದ್ರೆ ನಾನೂ ಒಂದು ಹಾಕಿಸ್ತೀನಿ" ಅಂದಿದ್ದೆ. ನಿಜ ಹೇಳ್ತೀನಿ ಕೇಳು. ಥೂ! ಹೇಸಿಗೆ. ಹಾಡು, ಸಿನಿಮಾ, ಫೋನು, ದಾರಿ ತೋರಿಸೋದು ಎಲ್ಲಾ ಒಂದರಲ್ಲೇ ಐತೆ ಅಂತ ನಿಮ್ಮ ಭಾವ ಕುಣಿದಾಡಿದ್ರಲ್ಲ, ಒಂದಾದ್ರೂ ನೆಟ್ಟಗಿದ್ರೆ ಕೇಳು. ಮಜ್ಜಿಗೆಮೆಣಸಿನಕಾಯಿ ತಿಂದ ಎಣ್ಣೆ ಕೈಯಲ್ಲೇ ಮುಟ್ತಾರೆ, ಗಾಜಿನ ಮೇಲೆಲ್ಲಾ ಬೆರಳಿನ ಜಿಡ್ಡು, ಆಮೇಲೆ ಪಂಚೆ ತುದಿಗೆ ಉಗುಳು ಹಚ್ಚಿ ಒರೆಸ್ತಾರೆ. ಗಾಡಿ ಓಡಿಸ್ತಾ ಓಡಿಸ್ತಾನೇ ಅರೆಬರೆ ಬಟ್ಟೆ ಕುಣಿತದ ಹಾಡು ನೋಡೋದು, ಪಕ್ಕದಲ್ಲಿ ಅವರ ದೊಡ್ಡಪ್ಪನ ಮಗ ಜಂಪಣ್ಣ ಬಾಯಿ ತೆಕ್ಕೊಂಡು ಕೂರೋದು. ಬೆಲ್ಟ್ ಹಾಕಿಲ್ಲ ಅಂತ ಟಿಂಗ್, ಸ್ಪೀಡ್ ಜಾಸ್ತಿ ಅಂತ ಟಿಂಗ್, ತಿರುವು ಬಂತು ಅಂತ ಟಿಂಗ್, ಸುಮ್ಮನಿದ್ರೂ ಟಿಂಗ್. ಫೋನು ಬಂದ್ರೆ ಕೈ ಮುಟ್ಟೋದೇ ಬೇಡ, ತಾನೇ ಎತ್ತಿಕೊಳ್ಳೋ ಹಂಗೆ ಮಾಡಿಟ್ಟೀನಿ ಅಂತ ನಿಮ್ಮ ಭಾವ ಬೀದಿಗೆಲ್ಲಾ ಹೇಳಿಕೊಂಡು ಬಂದ್ರು. ಅನ್ಯಾಯವಾಗಿ ಹೇಳಬಾರದು, ಹಿಂದೆ ತೋರಿಸೋ ಕ್ಯಾಮೆರಾ ಒಂದು ಪರವಾಗಿಲ್ಲ. ಪಕ್ಕದ ಮನೆ ಓಬವ್ವನ ಮೇಕೆಮರಿ ಅವತ್ತು ಅದರಿಂದಲೇ ಉಳೀತು. ಅದೊಂದಕ್ಕೆ ಮಾರ್ಕು ಕೊಡ್ತೀನಿ.

ಇನ್ನು ದಾರಿ ತೋರಿಸೋ ಪುಣ್ಯಾತ್ಗಿತ್ತಿ ಕಥೆ. ನಮ್ಮ ಚೈತ್ರಶ್ರೀಗೆ ಜಗಳೂರು ತಾಲೂಕು ಸೊಕ್ಕೆಯಿಂದ ಒಂದು ಸಂಬಂಧ ಬಂದೈತೆ ಅಂತ ಹೋದ ಸಲ ಹೇಳಿದ್ದೆನಲ್ಲ. ಹುಡುಗನ ಹೆಸರು ವಿನೋದ್. ತಂದೋನು ಈ ಜಂಪಣ್ಣನೇ. ಹುಡುಗಿ ನೋಡೋ ಶಾಸ್ತ್ರ ಆಗಿತ್ತು, ಹೋದ ಗುರುವಾರ ನಾವು ಹುಡುಗನ ಮನೆ ನೋಡಾಕೆ ಹೊರಟ್ವಿ. ಮೂರು ಜನ ಶುಭಕಾರ್ಯಕ್ಕೆ ಹೋಗಬಾರದು, ಇನ್ನೊಬ್ಬರನ್ನ ಕರ್ಕೊಳ್ರೀ ಅಂದೆ. ನಿಮ್ಮ ಭಾವ ಡ್ಯಾಶ್‌ಬೋರ್ಡು ತೋರಿಸಿ "ಇವಳಿದಾಳಲ್ಲ ನಾಲ್ಕನೆಯೋಳು" ಅಂತ ಹಲ್ಲು ಕಿರಿದ್ರು. ಸರಿ, ದೇವರಿಗೆ ಕೈ ಮುಗಿದು, ಬಲಗಾಲಿಟ್ಟು ಕಾರು ಹತ್ತಿದೀನೋ ಇಲ್ಲವೋ, ಆ ನಾಲ್ಕನೆಯೋಳು ಬಾಯಿ ತೆಗೆದ್ಲು: "ಎಲ್ಲಿಗೆ ಹೋಗಬೇಕು?" ಅಲ್ಲ ಕಣೋ, ಹೊರಟವರನ್ನ ಎಲ್ಲಿಗೆ ಅಂತ ಯಾರಾದ್ರೂ ಕೇಳ್ತಾರಾ? ಹಾದಿಬೀದಿ ಜನ ಕೂಡ ದೂರ ಹೊರಟ್ರಾ ಅಂತಾರೆ. ಇಳಿದು, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಬಂದೆ. ಮತ್ತೆ ಅದೇ ಕೇಳಿದ್ಲು. ಮೈಯೆಲ್ಲಾ ಉರೀತು ನನಗೆ.

ಹೊನ್ನಾಳಿ ದಾಟಿದ ಮೇಲೆ ಮಲೇಬೆನ್ನೂರು, ಹರಿಹರ, ದಾವಣಗೆರೆ ಅಂತ ನಮ್ಮಪ್ಪನ ಕಾಲದಿಂದ ಹೋಗೋ ದಾರಿ ಇರ್ತಾ, ಇವಳು ಹತ್ತಿರದ ದಾರಿ ಅಂತ ಚನ್ನಗಿರಿ ತಾಲೂಕಿಗೆ ಎಳಕೊಂಡು ಹೋದ್ಲು. ತ್ಯಾವಣಿಗೆ ಹತ್ರ ನೀರಿನ ಚಾನಲ್ಲಿನ ಏರಿ ಮೇಲೆ ಹತ್ತಿಸಿದ್ಲು. ಟ್ರ್ಯಾಕ್ಟರ್ ನಿಲ್ಲಿಸಿ ಒಬ್ಬ "ಮುಂದೆ ದಾರಿ ಇಲ್ಲ ಯಜಮಾನ್ರೇ, ಬರೀ ಗದ್ದೆ" ಅಂತ ಕೈ ಅಡ್ಡ ಹಿಡಿದು ಹೇಳಿದ. ನಿಮ್ಮ ಭಾವ "ಮ್ಯಾಪಿನಲ್ಲಿ ಐತೆ" ಅಂತ ಅವನಿಗೇ ಬುದ್ಧಿ ಹೇಳಿ ಮುಂದೆ ಹೋದ್ರು. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಕೊಯ್ಲಿಗೆ ಬಂದ ಭತ್ತ, ನಡುವೆ ಕಾರು ಸಿಕ್ಕಿಹಾಕೊಂಡು, ತಿರುಗಿಸಾಕೂ ಜಾಗ ಇಲ್ಲ. ಅವಳು ಮಾತ್ರ ತಣ್ಣಗೆ "ನೇರವಾಗಿ ಮುಂದುವರಿಯಿರಿ" ಅಂತಾಳೆ. ಬಂದಷ್ಟೂ ದೂರ ಹಿಂದಕ್ಕೇ ಬಂದ್ವಿ. ಸೊಕ್ಕೆಯವರಿಗೆ ಅಂತ ಕಟ್ಟಿಸಿದ ಹೂವಿನ ಹಾರ ನನ್ನ ಮಡಿಲಲ್ಲೇ ಬಾಡಿತು. ಒಬ್ಬರ ಬಾಯಿಂದಾದ್ರೂ ತಪ್ಪಾಯ್ತು ಅಂತ ಬರಬೇಕಲ್ಲ, ಊಹೂಂ.

ದಾವಣಗೆರೆ ಬಿಟ್ಟು ಜಗಳೂರು ರಸ್ತೆಗೆ ಬಿದ್ದ ಮೇಲೆ ಹಾಡು ಜೋರಾಗಿ ಹಾಕಿದ್ರು. ನಾಲ್ಕು ಬಾಗಿಲಲ್ಲೂ ಸ್ಪೀಕರು, ತಲೆ ಸಿಡೀತಿತ್ತು, ನಾನು ಹಿಂದೆ ಕಣ್ಣು ಮುಚ್ಚಿ ಒರಗಿದ್ದೆ. ಮುಂದೆ ಇವರಿಬ್ಬರೂ ಹಾಡಿನ ಮೇಲೆ ಕೂಗಿಕೊಂಡೇ ಮಾತಾಡ್ತಿದ್ರು. ಆಗ ಒಂದು ಟಿಂಗ್ ಅಂತು, ಹಾಡು ನಿಂತುಹೋತು. ಸದ್ಯ ಕೆಟ್ಟಿತಲ್ಲ ಅಂತ ನಾನು ಒಳಗೊಳಗೇ ಕೈ ಮುಗಿದೆ. ಇವರು ಮಾತ್ರ ಅದೇ ಗಂಟಲಲ್ಲೇ ಇದ್ರು, ನನಗೆ ನಿದ್ದೆ ಹತ್ತೈತೆ ಅಂದ್ಕೊಂಡಿದ್ರು. ಜಂಪಣ್ಣ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಕೂತೈತೆ: "ಮೊದಲನೇ ಹೆಂಡ್ತಿ ವಿಷಯ ಹೂ ಮುಡಿಸೋ ತನಕ ಬಾಯಿ ಬಿಡಬೇಡ ಗೋಣೆಪ್ಪಾ. ಹೊಡೀತಾನೆ ಅಂತ ತವರಿಗೆ ಹೋದೋಳು ಬರಲೇ ಇಲ್ಲ, ಕೋರ್ಟಿನದು ಇನ್ನೂ ನಡೀತೈತೆ." ಅದಕ್ಕೆ ನಿಮ್ಮ ಭಾವ, ನಾನು ಇಷ್ಟು ವರ್ಷ ಬಾಳಿದ ಗಂಡ, ಏನಂದ್ರು ಗೊತ್ತಾ? "ನಾನ್ಯಾಕೆ ಬಿಡಲಿ. ಆಮೇಲೆ ಗೊತ್ತಾದ್ರೆ ಚೈತ್ರಾ ಏನು ಮಾಡ್ತಾಳೆ, ಹೊಂದ್ಕೊಂಡು ಹೋಗ್ತಾಳೆ ಬಿಡು."

ನಾನು ಕಣ್ಣು ಬಿಡೋ ಹೊತ್ತಿಗೆ ನಾಲ್ಕೂ ಬಾಗಿಲಿಂದ ನನ್ನ ಮಗಳ ದನಿ ಬಂತು. ತಲುಪಿದ್ರಾ ಅಂತ ಕೇಳಾಕೆ ತಾನು ಕೆಲಸ ಮಾಡೋ ಹೊನ್ನಾಳಿ ಲ್ಯಾಬಿನಿಂದ ಅಪ್ಪನಿಗೆ ಫೋನು ಮಾಡಿದಾಳೆ, ಯಂತ್ರ ತಾನೇ ಎತ್ತಿಕೊಂಡೈತೆ. ಮಾತು ತನ್ನ ಮದುವೇದೇ ಅಂತ ತಿಳಿದು ಹುಡುಗಿ ಕೊನೇತನಕ ಕೇಳಿಸ್ಕೊಂಡಿದಾಳೆ. ಅಳಲಿಲ್ಲ ಕಣೋ. "ಅಪ್ಪಾ, ಎಲ್ಲಾ ಕೇಳಿಸ್ತು. ಅಮ್ಮಂಗೂ ಗೊತ್ತಿತ್ತಾ?" ಅಂದ್ಳು. ಇಲ್ಲ ಕಣವ್ವಾ, ನನ್ನಾಣೆಗೂ ಇಲ್ಲ ಅಂತ ಕೂಗಿದೆ ನಾನು. ಆದ್ರೆ ಅದರ ಮೈಕು ಸ್ಟೀರಿಂಗಿನ ಹತ್ರ, ಹಿಂದಿನ ಸೀಟಿನ ಮಾತು ಅದಕ್ಕೆ ಕೇಳಿಸಲ್ಲ. ನಾನು ಎದ್ದು ಮುಂದಕ್ಕೆ ಬಗ್ಗೋದ್ರೊಳಗೆ ನಿಮ್ಮ ಭಾವ ಗಾಬರಿಗೆ ಏನೋ ಒತ್ತಿದ್ರು, ಕಟ್ಟಾಯ್ತು. ನಿಂತ ಹಾಡು ನಿಂತಲ್ಲಿಂದಲೇ ಮತ್ತೆ ಶುರುವಾತು.

ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿದ್ರೆ ಸರಿ, ಇಲ್ಲ ಅಂದ್ರೆ ಬಾಗಿಲು ತೆಗೆದು ಹಾರ್ತೀನಿ ಅಂದೆ. ಇಳಿದೆ. ತಾಯಿ ಇಲ್ದೆ ಮನೆ ನೋಡಾಕೆ ಹೆಂಗೆ ಹೋಗ್ತಾರೆ, ಹಿಂದೆ ತಿರುಗ್ತಾರೆ ಅಂದ್ಕೊಂಡಿದ್ದೆ. ನಾಚಿಕೆ ಇಲ್ದೋರು, ಹೋಗಿ ಹೋಳಿಗೆ ಉಂಡು ಬಂದ್ರು! ನಾನು ಬಸ್ಸು ಬದಲಾಯಿಸಿ ಬದಲಾಯಿಸಿ ಮನೆ ಸೇರಿದ ಮೇಲೆ ಬಂದೋರ ಕೈಯಲ್ಲಿ ಇನ್ನೂ ತುಪ್ಪದ ವಾಸನೆ. ಅಸಹ್ಯ ಆತು ನನಗೆ, ಆ ಕೈ, ಆ ಮುಖ, ಎಲ್ಲಾ. ಬೇಡ ಅಂತ ಜಗಳ ಆಡಿದೆ. ಹೆಂಗಸ್ರ ಮಾತು ಅಂದ ಜಂಪಣ್ಣ. ಕೊಟ್ಟ ಮಾತು ಅಂದ್ರು ನಿಮ್ಮ ಭಾವ. ಚೈತ್ರಾ ಬಡಿಸಿದ್ರೆ ಉಣ್ತಾಳೆ, ಬಸ್ಸು ಹತ್ತಿ ಕೆಲಸಕ್ಕೆ ಹೋಗ್ತಾಳೆ, ಬರ್ತಾಳೆ. ನನಗೆ ಗೊತ್ತಿರಲಿಲ್ಲ ಕಣೇ ಅಂತ ಅವಳ ಪಕ್ಕ ಕೂತು ಹೇಳಿದೆ. "ಹೌದಾ" ಅಂದ್ಳು, ಅಷ್ಟೇ. ಹೆತ್ತೋಳಿಗೆ ಇದಕ್ಕಿಂತ ಬೇರೆ ಏಟು ಬೇಕೇನೋ ತಮ್ಮಾ?

ಇದು ನಿನ್ನ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ. ನೀನು ಹಾಕಿಸಬೇಡ. ಹಾಕಿಸಿದ್ರೂ ಆ ತಾನೇ ಎತ್ತಿಕೊಳ್ಳೋದನ್ನ ತೆಗೆಸು. ಅಥವಾ ಬೇಡ, ಇರಲಿ ಬಿಡು. ಅದೊಂದು ಇಲ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಕ್ರೇನು ಹುಷಾರಾಗಿ ಹತ್ತಿ ಇಳಿ, ಹೊತ್ತಿಗೆ ಸರಿಯಾಗಿ ಉಣ್ಣು. ತೀರ್ಥರಾಮೇಶ್ವರ ನಿನ್ನ ಸೊಂಟ ಗಟ್ಟಿಯಾಗಿ ಇಟ್ಟಿರಲಿ, ಇನ್ನೊಬ್ಬರ ಮಗಳನ್ನ ತರೋ ದಿನ ನಿನ್ನ ಬಾಯಲ್ಲಿ ಸುಳ್ಳು ಬರದಿರಲಿ.

ನಿನ್ನ ಅಕ್ಕ
ಶಂಕರಮ್ಮ

ತಾ.ಕ.: ಅವಸರದಲ್ಲಿ ಬರೀತಿದೀನಿ, ಕಾರಿನ ಸದ್ದಾತು. ಅಮಾಸೆ ಕಳೆದು ಬರೋ ಸೋಮವಾರ ಸೊಕ್ಕೆಯವರು ಹೂ ಮುಡಿಸಾಕೆ ಬರ್ತಾರೆ. ಸೋದರಮಾವನ ಬಾಯಿಂದ ಹೂಂ ಬರದೆ ಎಲೆಅಡಿಕೆ ಮುಟ್ಟಲ್ಲ ಅಂತ ಹುಡುಗನ ಅಪ್ಪ ಹೇಳಿ ಕಳಿಸಿದಾರೆ. ಅವರನ್ನ ಹೊನ್ನಾಳಿಯಿಂದ ಕರ್ಕೊಂಡು ಬರ್ತಾ ಕಾರಿನಿಂದಲೇ ನಿನಗೆ ಫೋನು ಹಚ್ಚಿ, ಎಲ್ಲರಿಗೂ ಕೇಳೋ ಹಂಗೆ ಹೂಂ ಅನ್ನಿಸ್ತಾರಂತೆ ನಿಮ್ಮ ಭಾವ. ಹುಡುಗ ಬಂಗಾರ ಅಂತ ನಿನಗೆ ಹೇಳ್ತಾರೆ. ನೀನು ಮೊದಲನೇ ಹೆಂಡ್ತಿ ಎಲ್ಲಿದಾಳೆ ಅಂತ ಗಟ್ಟಿಯಾಗಿ ಕೇಳು. ಬೇಡ ಅನ್ನು. ಅನ್ನೋ ಮುಂಚೆ ಆ ಫೋನಿಗೆ ಚೈತ್ರಾನ್ನೂ ಸೇರಿಸ್ಕೋ, ಅದೇನೋ ಕಾನ್ಫರೆನ್ಸು ಅಂತಾರಲ್ಲ, ಹಂಗೆ. ನೀನಾದ ಮೇಲೆ ನಾನು ಮಾತಾಡೋದೈತೆ. ಅವತ್ತು ನಾನೂ ಅವರನ್ನ ಕರೆಯಾಕೆ ಹೋಗ್ತೀನಿ, ಜಂಪಣ್ಣನ್ನ ಹಿಂದಕ್ಕೆ ಕಳಿಸಿ ಮುಂದಿನ ಸೀಟಿನಲ್ಲಿ ನಾನೇ ಕೂರ್ತೀನಿ. ನನ್ನ ಮಾತು ಅವಳಿಗೆ ಕೇಳಿಸ್ಬೇಕು.